ಹೋಗುವ ರಕ್ತ, ಬರುವ ರಕ್ತ

ಧಮನಿ ಎಂಬ ಮಾತನ್ನು ನಾವೆಲ್ಲ ಸಲೀಸಾಗಿ ಬಳಸುತ್ತೇವೆ. ರಾಜ್ಯೋತ್ಸವ ಬಂತೆಂದರೆ ನಮ್ಮ ಭಾಷಣಕಾರರು ಕನ್ನಡವು ನಮ್ಮ ಧಮನಿ ಧಮನಿಗಳಲ್ಲಿ ಹರಿಯುತ್ತಿದೆ ಎಂದು ಹೇಳದೆ ಮೈಕು ಬಿಡುವುದಿಲ್ಲ. ಆದರೆ ಆ ಶಬ್ದದ ಹೊಟ್ಟೆಯೊಳಗೆ ಕೈ ಹಾಕಿ ನೋಡಿದರೆ ಸಿಗುವುದು ಗಾಳಿ. ಸಂಸ್ಕೃತದಲ್ಲಿ 'ಧ್ಮಾ' ಎಂಬ ಧಾತುವಿಗೆ ಊದು ಎಂದರ್ಥ. ಭಗವದ್ಗೀತೆಯ ಮೊದಲ ಅಧ್ಯಾಯದಲ್ಲಿ ವೀರರು ಒಬ್ಬೊಬ್ಬರಾಗಿ ಶಂಖ ಊದುವಾಗ ಬರುವ ಕ್ರಿಯಾಪದ ಇದೇ ಧಾತುವಿನದು. ಕಮ್ಮಾರ ತಿದಿಯೊತ್ತಿ ಬೆಂಕಿಗೆ ಗಾಳಿ ಕೊಡುವುದಕ್ಕೂ ಇದೇ ಧಾತು. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಮೂರು ಹೆಸರುಗಳಿಗೆ ಒಟ್ಟಿಗೇ ಕಾರಣ ಹೇಳಿದ್ದಾರೆ: ಊದುವುದರಿಂದ ಧಮನಿ, ಸ್ರವಿಸುವುದರಿಂದ ಸ್ರೋತಸ್ಸು, ಸರಿಯುವುದರಿಂದ ಸಿರೆ.

ಗಾಳಿಯ ಹೆಸರನ್ನು ರಕ್ತದ ನಾಳಕ್ಕೆ ಇಟ್ಟವರು ನಮ್ಮವರು ಮಾತ್ರ ಎಂದುಕೊಳ್ಳಬೇಡಿ. ಇಂಗ್ಲಿಷಿನ 'ಆರ್ಟರಿ' ಎಂಬುದು ಗ್ರೀಕರ 'ಆರ್ಟೀರಿಯಾ'. ಅದು ಮೊದಲು ಇದ್ದದ್ದು ಗಂಟಲಿನ ಶ್ವಾಸನಾಳಕ್ಕೆ. ಗಾಳಿಯನ್ನು ಇಟ್ಟುಕೊಳ್ಳುವಂಥದ್ದು ಎಂದು ಹಳಬರು ಅದನ್ನು ಬಿಡಿಸುತ್ತಿದ್ದರು. ಈಗಿನ ಭಾಷಾಶಾಸ್ತ್ರಜ್ಞರಲ್ಲಿ ಹಲವರು ಎತ್ತು, ತೂಗುಹಾಕು ಎಂಬ ಅರ್ಥದ ಬೇರೊಂದು ಕ್ರಿಯಾಪದವನ್ನು ಅದರ ಮೂಲವಾಗಿ ತೋರಿಸುತ್ತಾರೆ. ಅದು ಏನೇ ಇರಲಿ, ಎದೆಯಿಂದ ಹೊರಡುವ ದಪ್ಪ ಗೋಡೆಯ ನಾಳಗಳಿಗೂ ಅದೇ ಹೆಸರು ಬಿದ್ದ ಮೇಲೆ ಗಂಟಲಿನದನ್ನು ಬೇರೆಯಾಗಿ ಗುರುತಿಸಬೇಕಾಯಿತು. ಮುಟ್ಟಿದರೆ ಉಂಗುರ ಉಂಗುರವಾಗಿ ಒರಟಾಗಿರುವುದರಿಂದ ಅದನ್ನು 'ಒರಟು ಆರ್ಟೀರಿಯಾ' ಎಂದರು. ಕಾಲಕ್ರಮದಲ್ಲಿ ನಾಮಪದ ಉದುರಿ ವಿಶೇಷಣ ಮಾತ್ರ ಉಳಿಯಿತು. ವೈದ್ಯರು ಇಂದು ಶ್ವಾಸನಾಳವನ್ನು ಟ್ರೇಕಿಯಾ ಎನ್ನುವಾಗ ಹೇಳುತ್ತಿರುವುದು 'ಒರಟು' ಎಂದಷ್ಟೇ.

ಗ್ರೀಕರು ಪೆದ್ದರಾಗಿರಲಿಲ್ಲ. ಕ್ರಿ.ಪೂ. ನಾಲ್ಕನೆಯ ಶತಮಾನದಲ್ಲಿ ಕಾಸ್ ದ್ವೀಪದ ಪ್ರಾಕ್ಸಾಗೊರಸ್ ಎಂಬ ವೈದ್ಯ ನಾಳಗಳಲ್ಲಿ ಎರಡು ಜಾತಿ ಉಂಟೆಂದು ಬೇರ್ಪಡಿಸಿ ಹೇಳಿದ. ತೆಳುಗೋಡೆಯ ಸಿರೆಗಳಲ್ಲಿ ರಕ್ತ, ದಪ್ಪಗೋಡೆಯ ಧಮನಿಗಳಲ್ಲಿ ಪ್ರಾಣವಾಯು ಎಂಬುದು ಅವನ ತೀರ್ಮಾನ. ಹೀಗೆ ಹೇಳಲು ಅವನಿಗೆ ಆಧಾರವಿತ್ತು. ಉಸಿರು ನಿಂತ ಮೇಲೆ ಧಮನಿಯ ಗೋಡೆ ಬಿಗಿದುಕೊಂಡು ತನ್ನಲ್ಲಿರುವ ರಕ್ತವನ್ನು ಸಿರೆಗಳತ್ತ ನೂಕಿಬಿಡುತ್ತದೆ. ಆಮೇಲೆ ಕೊಯ್ದು ನೋಡಿದವನಿಗೆ ಸಿರೆ ತುಂಬಿರುತ್ತದೆ, ಧಮನಿ ಬರಿದಾಗಿರುತ್ತದೆ. ಹೆಣ ಸುಳ್ಳು ಹೇಳಲಿಲ್ಲ. ಬದುಕಿದವರ ವಿಚಾರವನ್ನು ಹೆಣದ ಬಳಿ ಕೇಳಿದ್ದರಿಂದ ಬಂದ ತೊಡಕು ಅದು.

ನನಗೆ ಹೆಚ್ಚು ಕುತೂಹಲ ಹುಟ್ಟಿಸುವವನು ಅವನ ನಂತರದ ಎರಾಸಿಸ್ಟ್ರಾಟಸ್. ಬದುಕಿರುವ ಪ್ರಾಣಿಯ ಧಮನಿ ಕುಯ್ದರೆ ರಕ್ತ ಚಿಮ್ಮುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಯುದ್ಧ ಕಂಡವರಿಗೆ, ಕುರಿ ಕಡಿದವರಿಗೆ ಎಲ್ಲರಿಗೂ ಗೊತ್ತಿದ್ದ ಸಂಗತಿ ಅದು. ಅವನು ಕೊಟ್ಟ ಸಮಾಧಾನ ನೋಡಿ: ಕುಯ್ದ ಕ್ಷಣದಲ್ಲಿ ಗಾಳಿ ಕಾಣದಂತೆ ಹೊರಗೆ ಹಾರಿಹೋಗುತ್ತದೆ, ಬರಿದಾದ ಜಾಗ ತುಂಬಲು ಪಕ್ಕದ ಸಿರೆಗಳಿಂದ ಸೂಕ್ಷ್ಮವಾದ ದಾರಿಗಳ ಮೂಲಕ ರಕ್ತ ನುಗ್ಗಿ ಬರುತ್ತದೆ. ಎಷ್ಟು ಜಾಣತನ! ಕಣ್ಣೆದುರು ರಕ್ತ ಚಿಮ್ಮಿದಷ್ಟೂ ಒಳಗೆ ಗಾಳಿಯಿತ್ತೆಂಬುದು ಸಾಬೀತಾಗುತ್ತ ಹೋಗುತ್ತದೆ. ಹೆಸರು ಮೊದಲೇ ತೀರ್ಮಾನವಾಗಿಬಿಟ್ಟರೆ ಕಣ್ಣು ಹೆಸರಿನ ಕಡೆಯ ವಕೀಲನಾಗುತ್ತದೆ. ನಾನೂರಕ್ಕೂ ಹೆಚ್ಚು ವರ್ಷಗಳ ಮೇಲೆ, ಕ್ರಿ.ಶ. ಎರಡನೆಯ ಶತಮಾನದಲ್ಲಿ, ಗೇಲೆನ್ ಬಂದು ಧಮನಿಯನ್ನು ಎರಡು ಕಡೆ ದಾರದಿಂದ ಬಿಗಿದು ನಡುವೆ ಕುಯ್ದು ತೋರಿಸಿದ. ಎರಡೂ ಕಡೆ ಕಟ್ಟಿದ್ದರಿಂದ ಪಕ್ಕದಿಂದ ನುಗ್ಗಿ ಬರಲು ದಾರಿಯಿರಲಿಲ್ಲ. ಒಳಗೆ ಇದ್ದದ್ದು ರಕ್ತವೇ. ಇದರ ಮೇಲೆ ಅವನೊಂದು ಗ್ರಂಥವನ್ನೇ ಬರೆದ. ಆದರೂ ಹೆಸರು ಹೋಗಲಿಲ್ಲ. 1628ರಲ್ಲಿ ವಿಲಿಯಂ ಹಾರ್ವೆ ರಕ್ತ ದೇಹದೊಳಗೆ ಸುತ್ತುತ್ತದೆ ಎಂದು ತೋರಿಸಿದ ಪುಸ್ತಕದಲ್ಲೂ ಗಾಳಿಯ ಹೆಸರೇ ಇದೆ.

ಈಗ ನನ್ನ ಪ್ರಶ್ನೆ. ಸುಳ್ಳೆಂದು ಗೊತ್ತಾದ ಹೆಸರನ್ನು ಇಟ್ಟುಕೊಳ್ಳುವುದು ಸರಿಯೆ? ಮಲೇರಿಯಾ ಎಂದರೆ ಇಟಲಿಯ ಭಾಷೆಯಲ್ಲಿ ಕೆಟ್ಟ ಗಾಳಿ. ರೊನಾಲ್ಡ್ ರಾಸ್ 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಆ ರೋಗದ ಪರೋಪಜೀವಿಯನ್ನು ಕಂಡ ಮೇಲೂ ರೋಗದ ಹೆಸರು ಬದಲಾಗಲಿಲ್ಲ. ಅದರಿಂದ ಯಾರಿಗೂ ನಷ್ಟವಾಗಿಲ್ಲ. ಸೊಳ್ಳೆಪರದೆ ಕಟ್ಟುವವನು ಶಬ್ದದ ವ್ಯುತ್ಪತ್ತಿ ಕೇಳಿ ಕಟ್ಟುವುದಿಲ್ಲ. ಧಮನಿಯೂ ಹಾಗೆಯೇ. ಹಳೆಯ ಮನೆಯ ಗೋಡೆಯಲ್ಲಿ ಮುಚ್ಚಿಹೋದ ಗೂಡಿನಂತೆ ತಪ್ಪು ಅಲ್ಲೇ ಇದೆ, ಯಾರ ತಲೆಗೂ ತಾಗುವುದಿಲ್ಲ. ಅಂಥ ಹೆಸರುಗಳನ್ನು ಬದಲಿಸಲು ಹೊರಡುವ ಶುದ್ಧಿವಾದಿಗಳನ್ನು ಕಂಡರೆ ನನಗೆ ಸುಸ್ತಾಗುತ್ತದೆ.

ಆದರೆ ತಲೆಗೆ ತಾಗುವ ಹೆಸರೂ ಒಂದಿದೆ. ಕನ್ನಡ ಶಾಲೆಗಳಲ್ಲಿ ಓದಿದ ನನ್ನ ತಲೆಮಾರಿನವರು ಧಮನಿ ಸಿರೆಗಳನ್ನು ಕಲಿತದ್ದು ಬೇರೆ ಎರಡು ಶಬ್ದಗಳಿಂದ: ಶುದ್ಧರಕ್ತ, ಮಲಿನರಕ್ತ. ಕೆಲವರು ಅಶುದ್ಧರಕ್ತ ಎನ್ನುತ್ತಿದ್ದರು. ಚಿತ್ರದಲ್ಲಿ ಒಂದಕ್ಕೆ ಕೆಂಪು, ಇನ್ನೊಂದಕ್ಕೆ ನೀಲಿ. ನೀಲಿ ರಕ್ತ ಯಾವ ಮನುಷ್ಯನ ಮೈಯಲ್ಲೂ ಇಲ್ಲ. ಸಿರೆಯ ರಕ್ತ ಕಡುಗೆಂಪು. ಚರ್ಮದ ಮೂಲಕ ಬೆಳಕು ಹಾದು ಚದುರುವ ರೀತಿಯಿಂದ ನಾಳ ನೀಲಿಯಾಗಿ ಕಾಣುತ್ತದೆ, ಅಷ್ಟೆ. ಬಣ್ಣದ ವಿಚಾರ ಬಿಡೋಣ; ನನ್ನ ತಕರಾರು ಶಬ್ದದ ಬಗ್ಗೆ.

ಕೆಲವು ವರ್ಷಗಳ ಹಿಂದೆ ಹಳ್ಳಿಯ ಆರೋಗ್ಯ ಕಾರ್ಯಕರ್ತೆಯರಿಗೆ ದೇಹರಚನೆ ಹೇಳಿಕೊಡುವ ತರಬೇತಿಯೊಂದರಲ್ಲಿ ನಾನಿದ್ದೆ. ಗೋಡೆಗೆ ತೂಗುಹಾಕಿದ ಪಟದಲ್ಲಿ ಇದೇ ಕೆಂಪು, ಇದೇ ನೀಲಿ. ರಕ್ತದಾನದ ಮಾತು ಬಂತು. ಸೂಜಿ ಚುಚ್ಚುವುದು ಮೊಣಕೈ ಒಳಬದಿಯ ಸಿರೆಗೆ ಎಂದು ಹೇಳಿದಾಗ ಹಿಂದಿನ ಸಾಲಿನ ಒಬ್ಬಾಕೆ ಎದ್ದು ನಿಂತರು.

"ಸಾರ್, ಪಟದಾಗೆ ಅದಕ್ಕೆ ಮಲಿನರಕ್ತ ಅಂತ ಬರದೈತಲ್ಲ. ಹಂಗಾದ್ರೆ ನಾವು ಇನ್ನೊಬ್ರಿಗೆ ಕೊಡೋದು ಕೊಳೆ ರಕ್ತಾನಾ?"

ಕೆಲವರು ನಕ್ಕರು. ಆಕೆ ನಗಲಿಲ್ಲ. ಊರಿಗೆ ಹೋಗಿ ಜನರನ್ನು ರಕ್ತ ಕೊಡಲು ಒಪ್ಪಿಸಬೇಕಾದವರು ಅವರು; ಉತ್ತರ ಅವರಿಗೆ ಬೇಕಿತ್ತು. ಜಗತ್ತಿನ ರಕ್ತನಿಧಿಗಳಲ್ಲಿ ಕೂಡಿಟ್ಟ ಬಾಟಲಿ, ಚೀಲಗಳೆಲ್ಲ ತುಂಬುವುದು ಈ ಮಲಿನವೆನಿಸಿಕೊಂಡ ರಕ್ತದಿಂದಲೇ. ಹೆರಿಗೆಯಲ್ಲಿ ರಕ್ತ ಸೋರಿ ಸಾಯುವ ಸ್ಥಿತಿಗೆ ಬಂದ ತಾಯಿಯನ್ನು ಉಳಿಸುವುದು ಅದೇ.

ಹಾಗಾದರೆ ಆ ರಕ್ತ ಮಾಡಿದ ಅಪರಾಧವೇನು? ಎದೆಯಿಂದ ಹೊರಟು, ಕಾಲಿನ ಕಿರುಬೆರಳಿನ ತನಕ ಹೋಗಿ, ಲೋಮನಾಳಗಳಲ್ಲಿ ನುಸುಳಿ, ಹೊತ್ತು ತಂದ ಆಮ್ಲಜನಕದ ಒಂದು ಭಾಗವನ್ನು ಇಳಿಸಿ, ಅಲ್ಲಿನ ಇಂಗಾಲದ ಡೈಆಕ್ಸೈಡನ್ನು ಎತ್ತಿಕೊಂಡು ಹಿಂದಿರುಗುತ್ತಿದೆ. ಕೆಲಸ ಮುಗಿಸಿ ಬರುತ್ತಿರುವುದೇ ಅಪರಾಧ. ಕಸ ಹೊತ್ತವರನ್ನು ಕಸವೆಂದು ಕರೆಯುವ ನಮ್ಮ ಊರಿನ ಅಭ್ಯಾಸ ಮೈಯೊಳಗಿನ ಪಾಠಕ್ಕೂ ಇಳಿದುಬಂದಿದೆ ಎಂದರೆ ಕೆಲವರಿಗೆ ಕಸಿವಿಸಿಯಾಗಬಹುದು. ಆದರೆ ಮಡಿ ಮೈಲಿಗೆಗಳ ಊರಿನಲ್ಲಿ ಶುದ್ಧ, ಮಲಿನ ಎಂಬ ಶಬ್ದಗಳು ಮುಗ್ಧವಾಗಿ ಕೂತಿರುತ್ತವೆ ಎಂದು ನಾನಂತೂ ನಂಬಲಾರೆ.

ಲೆಕ್ಕಕ್ಕೂ ಆ ಶಬ್ದ ನಿಲ್ಲುವುದಿಲ್ಲ. ವಿಶ್ರಾಂತಿಯಲ್ಲಿರುವ ಆರೋಗ್ಯವಂತನ ಸಿರೆಗಳಿಂದ ಗುಂಡಿಗೆಗೆ ಮರಳುವ ರಕ್ತದಲ್ಲಿ ಹಿಮೋಗ್ಲೋಬಿನ್ ಹೊರಬಲ್ಲ ಆಮ್ಲಜನಕದ ಸುಮಾರು ಮುಕ್ಕಾಲು ಪಾಲು ಇನ್ನೂ ಇರುತ್ತದೆ. ಧಮನಿಯಲ್ಲಿ ನೂರಕ್ಕೆ 97, 98 ಇದ್ದದ್ದು ಸಿರೆಯಲ್ಲಿ 75ರ ಆಸುಪಾಸಿಗೆ ಬಂದಿರುತ್ತದೆ. ಇತ್ತೀಚಿನವರು ಮಲಿನರಕ್ತ ಬಿಟ್ಟು 'ಆಮ್ಲಜನಕರಹಿತ ರಕ್ತ' ಎನ್ನುತ್ತಾರೆ. ಮೂರು ಪಾಲು ಇದ್ದೂ 'ರಹಿತ' ಎಂದರೆ ಅದೂ ಅನ್ಯಾಯವೇ. ಇನ್ನು ಮೂತ್ರಪಿಂಡದ ಬಳಿ ಬನ್ನಿ. ಅಲ್ಲಿಗೆ ಧಮನಿಯಲ್ಲಿ ಹೋಗುವ 'ಶುದ್ಧ' ರಕ್ತದಲ್ಲಿ ಯೂರಿಯಾ ಹೆಚ್ಚು. ಶೋಧಿಸಿ ಸಿರೆಯಲ್ಲಿ ಹೊರಬರುವ 'ಮಲಿನ' ರಕ್ತದಲ್ಲಿ ಯೂರಿಯಾ ಕಡಿಮೆ. ಯಾವ ಕೊಳೆಯ ಲೆಕ್ಕ ಹಿಡಿಯುತ್ತೀರಿ ಎನ್ನುವುದರ ಮೇಲೆ ಮಡಿ ಯಾರದು ಎಂಬುದು ನಿಂತಿದೆ. ಪುಪ್ಪುಸದ ಹತ್ತಿರವಂತೂ ಇಡೀ ವ್ಯವಸ್ಥೆ ತಲೆಕೆಳಗು. ಗುಂಡಿಗೆಯಿಂದ ಪುಪ್ಪುಸಕ್ಕೆ ಹೋಗುವ ಧಮನಿಯಲ್ಲಿ ಇರುವುದು ಕಡುಗೆಂಪು ರಕ್ತ, ಅಲ್ಲಿಂದ ಬರುವ ಸಿರೆಗಳಲ್ಲಿ ತಿಳಿಗೆಂಪು. ಗ್ರೀಕರು ಈ ನಾಳದ ಮುಂದೆ ತಬ್ಬಿಬ್ಬಾಗಿ ಅದನ್ನು 'ಧಮನಿಯಂಥ ಸಿರೆ' ಎಂದು ಕರೆದಿದ್ದರು. ಗೋಡೆ ಒಂದು ಜಾತಿಯದು, ಒಳಗಿನ ರಕ್ತ ಇನ್ನೊಂದು ಜಾತಿಯದು.

ಸಂಸ್ಕೃತ ಚೆನ್ನಾಗಿ ಬಲ್ಲ ಗೆಳೆಯರೊಬ್ಬರು ನನ್ನ ಈ ಗೊಣಗಾಟ ಕೇಳಿ ಒಮ್ಮೆ ಹೇಳಿದರು: "ಅಲ್ಲಾ ಮಾರಾಯ್ರೇ, ಶುದ್ಧ ಅಂದ್ರೆ ಹುಡುಗರಿಗೆ ಥಟ್ ಅಂತ ತಿಳಿಯುತ್ತೆ. ನೀವು ಹೇಳೋ ಅಪಧಮನಿ, ಅಭಿಧಮನಿ ಯಾರಿಗೆ ಬೇಕು?" ಅವರ ಮಾತನ್ನು ನಾನು ಸುಲಭವಾಗಿ ತಳ್ಳಿಹಾಕಲಾರೆ. ತಿಳಿಯುವ ಶಬ್ದಕ್ಕೆ ಒಂದು ಹಕ್ಕಿದೆ. ಆದರೆ ಶುದ್ಧ ಎಂದಾಗ ಥಟ್ಟನೆ ತಿಳಿಯುವುದು ಏನು? ತಿಳಿಯುವುದು ರಕ್ತದ ವಿಷಯವಲ್ಲ. ಮನೆಯಲ್ಲಿ ಮೊದಲೇ ಕಲಿತು ಬಂದ ಮೇಲು ಕೀಳು. ಅಮೆರಿಕದಲ್ಲಿ ಎರಡನೆಯ ಮಹಾಯುದ್ಧದ ಕಾಲದಲ್ಲಿ ರೆಡ್‌ಕ್ರಾಸ್ ಸಂಸ್ಥೆ ಕಪ್ಪು ಜನರಿಂದ ರಕ್ತವನ್ನು ಮೊದಲು ತೆಗೆದುಕೊಳ್ಳಲೇ ಇಲ್ಲ. 1942ರಿಂದ ತೆಗೆದುಕೊಂಡರೂ ಬೇರೆಯಾಗಿಟ್ಟಿತು, 1950ರವರೆಗೆ. ರಕ್ತದ ಗುಂಪುಗಳನ್ನು ಲ್ಯಾಂಡ್‌ಸ್ಟೈನರ್ ವಿವರಿಸಿ ಆಗಲೇ ನಾಲ್ಕು ದಶಕವಾಗಿತ್ತು. ಚರ್ಮದ ಬಣ್ಣಕ್ಕೂ ಅದಕ್ಕೂ ಸಂಬಂಧವಿಲ್ಲವೆಂದು ವೈದ್ಯರಿಗೆ ತಿಳಿದೇ ಇತ್ತು. ತಿಳುವಳಿಕೆ ಇದ್ದೂ ಚೀಟಿ ಅಂಟಿಸಿದರು. ರಕ್ತದ ಮೇಲೆ ತೀರ್ಪಿನ ಶಬ್ದ ಬಿದ್ದರೆ ಏನಾದೀತು ಎಂಬುದಕ್ಕೆ ನಾನು ಅಷ್ಟು ದೂರ ಹೋಗಬೇಕಾಗಿಲ್ಲ, ನಮ್ಮಲ್ಲೂ 'ಯಾವ ರಕ್ತವೋ ಏನೋ' ಎನ್ನುವ ಮಾತು ಮದುವೆಯ ಮಾತುಕತೆಯಲ್ಲಿ ಕೇಳಿದ್ದೇವೆ.

ಗೆಳೆಯರು ತಮಾಷೆ ಮಾಡಿದ ಅಪಧಮನಿ, ಅಭಿಧಮನಿಗಳಲ್ಲೇ ನನಗೆ ಒಂದು ಸಭ್ಯತೆ ಕಾಣುತ್ತದೆ. ಕನ್ನಡದ ವಿಜ್ಞಾನ ಪುಸ್ತಕಗಳಲ್ಲಿ ಆರ್ಟರಿಗೆ ಅಪಧಮನಿ ಎಂದೂ ವೇಯ್ನ್‌ಗೆ ಅಭಿಧಮನಿ ಎಂದೂ ಬಳಕೆಯಿದೆ. ಅಪ ಎಂದೊಡನೆ ನಮಗೆ ಅಪಮಾನ, ಅಪಕೀರ್ತಿ ನೆನಪಾಗುತ್ತವೆ. ಇಲ್ಲಿ ಅದು ದೂರಕ್ಕೆ ಎಂಬಷ್ಟೇ ಅರ್ಥದ್ದು. ಅಭಿ ಎಂದರೆ ಕಡೆಗೆ. ಒಂದು ಗುಂಡಿಗೆಯಿಂದ ದೂರಕ್ಕೆ ಹೋಗುತ್ತದೆ, ಇನ್ನೊಂದು ಗುಂಡಿಗೆಯ ಕಡೆಗೆ ಬರುತ್ತದೆ. ದಿಕ್ಕು ಹೇಳಿ ಸುಮ್ಮನಾಗುತ್ತವೆ ಆ ಶಬ್ದಗಳು. ಗಾಳಿಯ ಹಳೆಯ ತಪ್ಪು ಧಮನಿಯೊಳಗೆ ಹಾಗೇ ಇದ್ದರೂ ಯಾರ ಮೇಲೂ ತೀರ್ಪಿಲ್ಲ. ಪುಪ್ಪುಸದ ನಾಳಗಳೂ ಈ ಹೆಸರಿನಡಿ ಗೊಂದಲವಿಲ್ಲದೆ ಕೂರುತ್ತವೆ. ಆ ತರಬೇತಿಯಲ್ಲಿ ನಾವು ಸಂಸ್ಕೃತವನ್ನೂ ಬಿಟ್ಟು ಹೋಗುವ ರಕ್ತ, ಬರುವ ರಕ್ತ ಎಂದೆವು. ಅಷ್ಟು ಸಾಕಾಯಿತು.

ಸುಶ್ರುತಸಂಹಿತೆ ಇಪ್ಪತ್ತನಾಲ್ಕು ಧಮನಿಗಳನ್ನು ಎಣಿಸಿ ಎಲ್ಲದರ ಮೂಲ ನಾಭಿ ಎನ್ನುತ್ತದೆ: ಹತ್ತು ಮೇಲಕ್ಕೆ, ಹತ್ತು ಕೆಳಕ್ಕೆ, ನಾಲ್ಕು ಅಡ್ಡಕ್ಕೆ. ಕಾಲುವೆಗಳು ತೋಟಕ್ಕೆ ನೀರುಣಿಸುವಂತೆ ಸಿರೆಗಳು ದೇಹವನ್ನು ಪೋಷಿಸುತ್ತವೆ ಎಂಬ ಹೋಲಿಕೆಯೂ ಅಲ್ಲಿದೆ. ತೋಟಕ್ಕೆ ಬಿಟ್ಟ ನೀರು ಹಿಂದಿರುಗಿ ಬರುವುದಿಲ್ಲವಾದ್ದರಿಂದ ಆ ಹೋಲಿಕೆಯೊಳಗೆ ಬರುವ ರಕ್ತಕ್ಕೆ ಜಾಗವೇ ಇರಲಿಲ್ಲ. ನಾಭಿಯ ಮಾತನ್ನು ಇಂದಿನ ವಿದ್ಯಾರ್ಥಿಗಳು ಓದಿ ನಗುತ್ತಾರೆ. ನಾನು ನಗುವುದಿಲ್ಲ. ಬಸಿರಿನಲ್ಲಿರುವ ಕೂಸಿಗೆ ಎಲ್ಲವೂ ಬರುವುದು ಹೊಕ್ಕುಳಿನಿಂದಲೇ. ಹೊಕ್ಕುಳಬಳ್ಳಿಯಲ್ಲಿ ಸಾಮಾನ್ಯವಾಗಿ ಮೂರು ನಾಳಗಳಿರುತ್ತವೆ, ಎರಡು ಅಪಧಮನಿ, ಒಂದು ಅಭಿಧಮನಿ. ಕೂಸು ತನ್ನ ರಕ್ತವನ್ನು ಮಾಸಿನ ಕಡೆಗೆ ಕಳಿಸುವುದು ಆ ಎರಡರಲ್ಲಿ. ಮಾಸಿನಲ್ಲಿ ತಾಯಿಯಿಂದ ಆಮ್ಲಜನಕ ಪಡೆದ ರಕ್ತ ಮಗುವಿಗೆ ಬರುವುದು ಆ ಒಂದೇ ಅಭಿಧಮನಿಯಲ್ಲಿ, ಪಟದಲ್ಲಿ ನೀಲಿ ಬಳಿದು ಮಲಿನ ಎಂದು ಬರೆಯುವ ಜಾತಿಯ ನಾಳದಲ್ಲಿ.