ಅವನು ಕೇಳಲಿಲ್ಲ, ನಾನು ಹೇಳಲಿಲ್ಲ

ಊರಲ್ಲಿದ್ದ ನಮ್ಮ ಹಳೇ ಟೂ ಸ್ಟ್ರೋಕ್ ಆರ್‌ಎಕ್ಸ್ 100 ಮಾರೋಣ ಅಂತಿದ್ದಾಗಲೇ ಅದರ ಎಕ್ಸಲರೇಟರ್ ಹಿಡಿದುಕೊಳ್ಳತೊಡಗಿತು. ಕೈ ಬಿಟ್ಟರೂ ಇಂಜಿನ್ ಅರಚುತ್ತಲೇ ಇತ್ತು. ಕೇಬಲ್‌ಗೆ ಎಣ್ಣೆ ಬಿಟ್ಟೆ, ಸರಿಹೋಯ್ತು. ಆದರೆ ಹ್ಯಾಂಡಲ್ ಪೂರ್ತಿ ತಿರುಗಿಸಿದರೆ ಮತ್ತೆ ಅದೇ ಕಥೆ.

ಕೊಳ್ಳಲು ಬಂದ ಹುಡುಗ ನೇರ ರೋಡಲ್ಲಿ ಓಡಿಸಿ, 'ಸೂಪರ್ ಅಣ್ಣಾ' ಅಂದ. ನಾನೇನೂ ಸುಳ್ಳು ಹೇಳಿರಲಿಲ್ಲ. ಅವನು ಕೇಳಿರಲಿಲ್ಲ, ಅಷ್ಟೇ. ಆಫೀಸಲ್ಲೂ ಟೆಸ್ಟರ್ ಹಿಡಿಯದ ಬಗ್ ಬಗ್ಗೆ ನಾನು ಬಾಯಿ ಬಿಡದ ದಿನಗಳುಂಟು. ಅಲ್ಲಿ ಸರ್ವರ್ ಬಿದ್ದರೆ ಮತ್ತೆ ಎಬ್ಬಿಸಬಹುದು. ತಿರುವಿನಲ್ಲಿ ಈ ಹುಡುಗ ಬಿದ್ದರೆ?

ನಂಬಿದವನ ಮುಂದೆ ಸುಮ್ಮನಿರೋದೂ ಸುಳ್ಳೇ ಅಲ್ವಾ? ಅವನಿಗೆ ವಿಷಯ ಹೇಳಿದೆ. ಇಬ್ಬರೂ ಸೇರಿ ಟ್ಯಾಂಕ್ ಬಿಚ್ಚಿದೆವು. ಕೇಬಲ್ ಫ್ರೇಮಿಗೆ ಸಿಕ್ಕಿ ಮಡಚಿ, ಎಳೆ ಬಿಟ್ಟಿತ್ತು. ಹೊಸದು ಹಾಕಿಸಿ ಕೊಟ್ಟೆ.