ಸೋರೆಬುರುಡೆ, ಸೀಸದ ಬೆಲ್ಟು

ಮಣ್ಣು ಮೆತ್ತಿದ ಸೋರೆಬುರುಡೆ ನೀರಿಗೆ ಬಿದ್ದರೆ ತಳ ಸೇರುತ್ತದೆ. ಮಣ್ಣು ನೆನೆದು ಕಳಚುತ್ತಾ ಹೋದಂತೆ ತಾನಾಗಿ ಮೇಲೆ ಬರುತ್ತದೆ. ಕರ್ಮ ಕಳೆದುಕೊಂಡ ಜೀವ ಮೇಲಕ್ಕೇ ಏಕೆ ಹೋಗುತ್ತದೆ ಎಂಬುದಕ್ಕೆ ಜೈನರ ‘ತತ್ತ್ವಾರ್ಥಸೂತ್ರ’ದ ಹತ್ತನೆಯ ಅಧ್ಯಾಯ ಕೊಡುವ ದೃಷ್ಟಾಂತಗಳಲ್ಲಿ ಇದೂ ಒಂದು. ಶ್ವೇತಾಂಬರರ ‘ಜ್ಞಾತಾಧರ್ಮಕಥಾ’ದಲ್ಲಿ ಇದು ಇನ್ನಷ್ಟು ವಿವರವಾಗಿ ಬರುತ್ತದೆ: ಬುರುಡೆಗೆ ಹುಲ್ಲು ಸುತ್ತಿ, ಮಣ್ಣು ಬಳಿದು, ಬಿಸಿಲಿಗೆ ಒಣಗಿಸಿ, ಮತ್ತೆ ಸುತ್ತಿ ಮತ್ತೆ ಬಳಿದು, ಹೀಗೆ ಎಂಟು ಲೇಪ. ಎಂಟು ಬಗೆಯ ಕರ್ಮಕ್ಕೆ ಎಂಟು. ಸೋರೆಬುರುಡೆ ಕಟ್ಟಿಕೊಂಡು ಕೆರೆಯಲ್ಲಿ ಈಜು ಕಲಿತ ಹಳ್ಳಿಯವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಭಾರವೇ ಬಂಧನ, ಹಗುರಾಗುವುದೇ ಬಿಡುಗಡೆ ಎಂದು ದೃಷ್ಟಾಂತವನ್ನು ಅಲ್ಲಿಗೇ ನಿಲ್ಲಿಸಿಬಿಡುವುದು ಸುಲಭ. ಆದರೆ ಬೇಕೆಂದೇ ಸೊಂಟಕ್ಕೆ ಸೀಸ ಕಟ್ಟಿಕೊಂಡು ಕೊರೆಯುವ ನೀರಿಗೆ ಇಳಿಯುವವರಿದ್ದಾರೆ. ಅವರು ಹೊತ್ತ ಭಾರವನ್ನು ಯಾವ ಲೆಕ್ಕಕ್ಕೆ ಸೇರಿಸಬೇಕು?

ಐಸ್‌ಲ್ಯಾಂಡಿನ ಥಿಂಗ್‌ವೆಟ್ಲಿರ್ ರಾಷ್ಟ್ರೀಯ ಉದ್ಯಾನದಲ್ಲಿ ಸಿಲ್ಫ್ರಾ ಎಂಬ ಬಿರುಕಿದೆ. ಉತ್ತರ ಅಮೆರಿಕ ಮತ್ತು ಯುರೇಷ್ಯಾದ ಭೂಫಲಕಗಳು ಒಂದರಿಂದೊಂದು ದೂರ ಸರಿಯುತ್ತಿರುವ ಜಾಗ. ಹಿಮನದಿ ಕರಗಿದ ನೀರು ಲಾವಾ ಕಲ್ಲಿನೊಳಗೆ ದಶಕಗಳ ಕಾಲ ಸೋಸಿಕೊಂಡು ಇಲ್ಲಿ ಬಂದು ಸೇರುತ್ತದೆ. ನೂರು ಮೀಟರ್ ಆಚೆಗಿನ ಬಂಡೆಯೂ ಕಾಣುವಷ್ಟು ತಿಳಿ. ವರ್ಷವಿಡೀ 2ರಿಂದ 4 ಡಿಗ್ರಿ ಸೆಲ್ಸಿಯಸ್ ಚಳಿ. ಇಲ್ಲಿ ಡೈವ್ ಮಾಡುವವರಿಗೆ ಮೈಗೆ ನೀರು ಸೋಕಿಸದ ಡ್ರೈಸೂಟ್ ಬೇಕೇ ಬೇಕು. ಅದರೊಳಗೆ ದಪ್ಪನೆಯ ಒಳ ಉಡುಪು, ಆ ಉಡುಪಿನ ಎಳೆಗಳ ನಡುವೆ ಗಾಳಿ. ಚಳಿಯನ್ನು ತಡೆಯುವುದು ಆ ಗಾಳಿ. ಮುಳುಗಲು ಬಿಡದಿರುವುದೂ ಅದೇ.

ಮುರುಡೇಶ್ವರದ ಬಳಿಯ ನೇತ್ರಾಣಿಯ ಬೆಚ್ಚನೆಯ ಕಡಲಿನಲ್ಲಿ ತೆಳು ಸೂಟು ತೊಟ್ಟು ನಾಲ್ಕೈದು ಕೆ.ಜಿ. ಸೀಸದಲ್ಲಿ ಮುಗಿಸುವವರಿಗೆ ಇಂಥ ನೀರಿನಲ್ಲಿ ಹತ್ತು ಕೆ.ಜಿ. ದಾಟುವುದು ಸಾಮಾನ್ಯ. ಅದೂ ಸಿಹಿನೀರಿನಿಂದ ಆಗುವ ಉಳಿತಾಯವನ್ನು ಕಳೆದ ಮೇಲೆ. ಸಮುದ್ರದ ನೀರಿಗಿಂತ ಸಿಹಿನೀರಿನ ಸಾಂದ್ರತೆ ಸುಮಾರು ಶೇಕಡ 2.5ರಷ್ಟು ಕಡಿಮೆ, ಸಲಕರಣೆ ಸಮೇತ 100 ಕೆ.ಜಿ. ತೂಗುವವರಿಗೆ ಎರಡೂವರೆ ಕೆ.ಜಿ. ಸೀಸ ಕಡಿಮೆ ಸಾಕು. ಇಷ್ಟಾದರೂ ಬೆಚ್ಚಗಿರುವುದಕ್ಕೆ ತೆರಬೇಕಾದ ಬೆಲೆ ಸೀಸದ ರೂಪದಲ್ಲಿ ಸೊಂಟಕ್ಕೆ ಬಂದು ಕೂರುತ್ತದೆ.

ಎಷ್ಟು ಸೀಸ ಎಂಬುದು ತೀರ್ಮಾನವಾಗಬೇಕಾದದ್ದು ಡೈವ್ ಶುರುವಾಗುವ ಹೊತ್ತಿನ ಲೆಕ್ಕದಿಂದಲ್ಲ. 12 ಲೀಟರಿನ ಸಿಲಿಂಡರಿನಲ್ಲಿ 200 ಬಾರ್ ಒತ್ತಡಕ್ಕೆ ತುಂಬಿದ ಗಾಳಿಯೇ ಸುಮಾರು 3 ಕೆ.ಜಿ. ತೂಗುತ್ತದೆ. ಉಸಿರಾಡುತ್ತಾ ಹೋದಂತೆ ಅದು ಖಾಲಿಯಾಗುತ್ತದೆ, ಮುಳುಗಿದವರು ಹಗುರಾಗುತ್ತಾರೆ. ಹಿಂತಿರುಗುವಾಗ ಸುಮಾರು 5 ಮೀಟರ್ ಆಳದಲ್ಲಿ, ಸಿಲಿಂಡರಿನಲ್ಲಿ 50 ಬಾರ್ ಮಾತ್ರ ಉಳಿದಿರುವಾಗ, ತೇಲುವಿಕೆ ಹೊಂದಿಸುವ ಜಾಕೆಟ್ಟಿನ ಗಾಳಿಯನ್ನೆಲ್ಲ ಬಿಟ್ಟು ಅಲುಗದೆ ನಿಲ್ಲಲು ಎಷ್ಟು ಬೇಕೋ ಅಷ್ಟೇ ಸೀಸ. ಅಲ್ಯೂಮಿನಿಯಂ ಸಿಲಿಂಡರ್ ಖಾಲಿಯಾದಾಗ ತಾನೇ ತೇಲತೊಡಗುತ್ತದೆ, ಅದಕ್ಕೂ ಸೇರಿಸಿ ಕಟ್ಟಬೇಕು. ಉಕ್ಕಿನದು ಸಾಮಾನ್ಯವಾಗಿ ಖಾಲಿಯಾದರೂ ಮುಳುಗಿಯೇ ಇರುತ್ತದೆ. ಇರಲಿ ಎಂದು ಎರಡು ಕೆ.ಜಿ. ಹೆಚ್ಚು ಕಟ್ಟಿದವರು ಅದನ್ನು ಸರಿದೂಗಿಸಲು ಜಾಕೆಟ್ಟಿಗೆ ಅಷ್ಟೇ ಗಾಳಿ ತುಂಬಬೇಕು. ಆ ಗಾಳಿ ನೀರಿನ ಮೇಲ್ಮೈಯಿಂದ 10 ಮೀಟರ್ ಆಳಕ್ಕೆ ಇಳಿದರೆ ಅರ್ಧಕ್ಕೆ ಕುಗ್ಗುತ್ತದೆ, ಮೇಲೆ ಬಂದರೆ ಮತ್ತೆ ಹಿಗ್ಗುತ್ತದೆ. ಭಯಕ್ಕೆ ಹೊತ್ತ ಆ ಎರಡು ಕೆ.ಜಿ. ಕೆಳಗಿರುವಷ್ಟು ಹೊತ್ತೂ ನೆಮ್ಮದಿ ಕೊಡುವುದಿಲ್ಲ.

ಬೇಕಾದಷ್ಟನ್ನೇ ಹೊರುವ ಈ ಲೆಕ್ಕಕ್ಕೆ ಜೈನ ದರ್ಶನದಲ್ಲಿ ಜಾಗವಿದೆ. ಶ್ರವಣಬೆಳಗೊಳದ ದಾರಿಯಲ್ಲಿ ಬರಿಮೈಯಲ್ಲಿ ನಡೆದು ಬರುವ ದಿಗಂಬರ ಮುನಿಯ ಕೈಯಲ್ಲೂ ನವಿಲುಗರಿಯ ಪಿಂಛಿ ಇರುತ್ತದೆ, ಜೊತೆಗೊಂದು ಕಮಂಡಲ. ಬಟ್ಟೆಯನ್ನೂ ಬಿಟ್ಟವರು ಇವನ್ನೇಕೆ ಹಿಡಿದರು? ಕೂರುವ ನೆಲದ ಮೇಲಿನ ಹುಳುಹುಪ್ಪಟೆಯನ್ನು ನೋಯಿಸದೆ ಸರಿಸಲು ಒಂದು, ಶುಚಿಗೆ ಒಂದು. ಪರಂಪರೆ ಇವನ್ನು ಪರಿಗ್ರಹವೆನ್ನುವುದಿಲ್ಲ, ಸಂಯಮದ ಮತ್ತು ಶೌಚದ ಉಪಕರಣಗಳೆನ್ನುತ್ತದೆ. ವಸ್ತು ಕೈಯಲ್ಲಿದೆಯೇ ಎಂಬುದಕ್ಕಿಂತ ಅದರ ಮೇಲೆ ಮಮತೆ ಕೂತಿದೆಯೇ ಎಂಬುದರಿಂದ ಪರಿಗ್ರಹವನ್ನು ಗುರುತಿಸುವುದು ತತ್ತ್ವಾರ್ಥಸೂತ್ರದ ರೀತಿ. ಕರ್ಮ ಜೀವಕ್ಕೆ ಅಂಟುವುದೂ ಕ್ರೋಧ, ಮಾನ, ಮಾಯೆ, ಲೋಭಗಳೆಂಬ ಕಷಾಯಗಳ ದೆಸೆಯಿಂದ. ಬುರುಡೆಯನ್ನು ತಳಕ್ಕೆ ಕಟ್ಟಿಹಾಕಿದ್ದು ಮಣ್ಣಿನ ತೂಕ ಮಾತ್ರವಲ್ಲ, ಅದು ಮೆತ್ತಿಕೊಂಡಿದ್ದು. ಕೈ ಹಾಕಿ ಎಳೆದರೆ ಬಿಚ್ಚಿಕೊಳ್ಳುವ ಬೆಲ್ಟಿನ ಸೀಸಕ್ಕೂ ಮೆತ್ತಿದ ಮಣ್ಣಿಗೂ ಇರುವ ಅಂತರ ಇದೇ.

ಹಾಗೆಂದು ಸೀಸ ಮೆತ್ತಿಕೊಳ್ಳುವುದೇ ಇಲ್ಲವೆನ್ನುವಂತಿಲ್ಲ. ಡೈವಿಂಗ್ ಸಾವುಗಳ ವರದಿಗಳಲ್ಲಿ ದಶಕಗಳಿಂದ ಮತ್ತೆ ಮತ್ತೆ ಬರುವ ಮಾತೊಂದಿದೆ: ಶವ ಸಿಕ್ಕಾಗ ಸೀಸದ ಬೆಲ್ಟು ಸೊಂಟದಲ್ಲೇ ಇತ್ತು. ಎಷ್ಟೋ ಸಲ ಬಕಲ್ ಕೆಟ್ಟಿರಲಿಲ್ಲ, ಕೈಗೆಟುಕುವಂತೆಯೇ ಇತ್ತು. ಗಾಬರಿಗೆ ಸಿಕ್ಕ ಮನಸ್ಸಿಗೆ ಬಿಡಬಹುದು ಎಂಬುದೇ ಹೊಳೆದಿರಲಿಕ್ಕಿಲ್ಲ. ಮನಕಲಕುವ ಸಂಗತಿಯಿದು. ಅಂಟು ಬೆಲ್ಟಿನಲ್ಲಿರಲಿಲ್ಲ, ರೂಢಿಯಲ್ಲಿತ್ತು.

ಒಮ್ಮೆಲೇ ಎಲ್ಲವನ್ನೂ ಬಿಡುವುದೂ ಪರಿಹಾರವಲ್ಲ. ಹನ್ನೆರಡು ಕೆ.ಜಿ.ಯನ್ನು ಒಂದೇ ಬೆಲ್ಟಿಗೆ ಪೋಣಿಸಿ ಆಳದಲ್ಲಿ ಕಳಚಿದರೆ, ಡ್ರೈಸೂಟಿನ ಗಾಳಿ ಹಿಗ್ಗುತ್ತಾ ಹಿಗ್ಗುತ್ತಾ ಮುಳುಗಿದವರನ್ನು ಮೇಲಕ್ಕೆ ಎಸೆಯುತ್ತದೆ. ಉಸಿರು ಬಿಗಿಹಿಡಿದಿದ್ದರೆ ಶ್ವಾಸಕೋಶ ಹರಿಯಬಹುದು. ಆದ್ದರಿಂದ ಬಲ್ಲವರು ತೂಕವನ್ನು ಹಂಚುತ್ತಾರೆ: ಬೆನ್ನಿನ ಉಕ್ಕಿನ ಹಲಗೆಯ ರೂಪದಲ್ಲಿ ಎರಡು ಮೂರು ಕೆ.ಜಿ., ಸಿಲಿಂಡರಿನ ಪಟ್ಟಿಗೆ ಒಂದಿಷ್ಟು, ಇವು ಬಿಡಲಾಗದವು. ಉಳಿದದ್ದು ಬೆಲ್ಟಿನಲ್ಲೋ ಜಾಕೆಟ್ಟಿನ ಪಾಕೆಟ್‌ಗಳಲ್ಲೋ, ಒಂದೊಂದಾಗಿ ಬಿಡಬಹುದಾದದ್ದು. ಆಪತ್ತಿನಲ್ಲಿ ತಳ ಬಿಟ್ಟೇಳಲು, ಮೇಲೆ ಬಂದ ಮೇಲೆ ತೇಲಿಕೊಂಡಿರಲು ಅಷ್ಟು ಬಿಟ್ಟರೆ ಸಾಕು. ಬುರುಡೆಯ ಮಣ್ಣೂ ಒಂದೊಂದೇ ಲೇಪವಾಗಿ ಕಳಚಿತು. ಜೀವದ ಏರಿಕೆಗೂ ಜೈನರು ಹದಿನಾಲ್ಕು ಗುಣಸ್ಥಾನಗಳ ಮೆಟ್ಟಿಲು ಹಾಕಿದ್ದಾರೆ.

ದಿಗಂಬರ ಮುನಿಗಳು ಚಾತುರ್ಮಾಸ ಮುಗಿದ ಮೇಲೆ ಹಳೆಯ ಪಿಂಛಿಯನ್ನು ಶ್ರಾವಕರಿಗೆ ಕೊಟ್ಟು ಹೊಸದನ್ನು ಹಿಡಿಯುತ್ತಾರೆ. ಪಿಂಛಿ ಪರಿವರ್ತನೆ ಎಂದೇ ಅದಕ್ಕೊಂದು ಸಮಾರಂಭ. ಬಿಟ್ಟುಕೊಡುವುದು ಅಲ್ಲಿ ವರ್ಷವರ್ಷದ ಅಭ್ಯಾಸ. ಡೈವಿಂಗ್ ಕಲಿಯುವವರು ಬೆಲ್ಟು ಬಿಚ್ಚಿ ಬಿಡುವುದನ್ನು ತರಬೇತಿಯಲ್ಲಿ, ಬೆಚ್ಚನೆಯ ಈಜುಕೊಳದಲ್ಲಿ, ಬರಿಗೈಯಲ್ಲಿ ಮಾಡಿರುತ್ತಾರೆ. ಆಮೇಲೆ ಅನೇಕರು ಅದರ ಗೊಡವೆಗೆ ಹೋಗುವುದಿಲ್ಲ. ಎರಡು ಡಿಗ್ರಿಯ ನೀರಿನಲ್ಲಿ, ದಪ್ಪ ಕೈಗವಸಿನೊಳಗೆ, ಬೆರಳು ಮರಗಟ್ಟಿ ಬಕಲ್ ಯಾವುದು ಪಟ್ಟಿ ಯಾವುದು ತಿಳಿಯುವುದಿಲ್ಲ. ದೊಡ್ಡ ಹಿಡಿಯಿರುವ ಪಾಕೆಟ್ ಆರಿಸಿದರಷ್ಟೇ ಸಾಲದು. ಪ್ರತಿ ಋತುವಿನ ಮೊದಲ ಡೈವಿಗೆ ಮುನ್ನ, ಅದೇ ಕೈಗವಸು ತೊಟ್ಟು, ಎದೆಮಟ್ಟದ ನೀರಿನಲ್ಲಿ ಜೊತೆಗಾರರೆದುರು ಒಮ್ಮೆ ಎಳೆದು ಬಿಡಬೇಕು. ಹಿಡಿ ಕೈಗೆ ಸಿಗದಿದ್ದರೆ, ಬಕಲ್ಲಿನಲ್ಲಿ ಮರಳು ಕೂತಿದ್ದರೆ, ಡ್ರೈಸೂಟಿನ ಮಡಿಕೆ ಬೆಲ್ಟನ್ನು ಮುಚ್ಚಿದ್ದರೆ ಆಗ ಗೊತ್ತಾಗುತ್ತದೆ. ಬಗ್ಗಿ ಸೀಸ ಹೆಕ್ಕಿಕೊಂಡು, ಬೆಲ್ಟನ್ನು ಸರಿಮಾಡಿ ಮತ್ತೆ ಕಟ್ಟಲು ಆಗ ಸಮಯವೂ ಇರುತ್ತದೆ.