ಬಾಗಿಲೂ ಬೆಲೆಯೂ

ನವೆಂಬರ್ ತಿಂಗಳು ಹತ್ತಿರ ಬಂದಿತೆಂದರೆ ಕನ್ನಡ ಅಧ್ಯಾಪಕನಿಗೆ ಇದ್ದಕ್ಕಿದ್ದಂತೆ ಬೇಡಿಕೆ ಹೆಚ್ಚುತ್ತದೆ. ಭಾಷಣಕ್ಕೆ ಕರೆಯುವವರು, ಕರಪತ್ರ ತಿದ್ದಿಸಿಕೊಳ್ಳುವವರು, ಹೊಸ ಅಂಗಡಿಗೆ ಹೆಸರು ಕೇಳುವವರು ಮನೆ ಹುಡುಕಿಕೊಂಡು ಬರುತ್ತಾರೆ. ಕಳೆದ ರಾಜ್ಯೋತ್ಸವದ ಹೊತ್ತಿನಲ್ಲಿ ಹೀಗೆ ಬಂದವನು ನನ್ನ ಹಳೆಯ ವಿದ್ಯಾರ್ಥಿ. ಬೆಂಗಳೂರಿನ ತಂತ್ರಜ್ಞಾನ ಕಂಪನಿಯೊಂದರಲ್ಲಿ ಚಿಪ್‌ಗಳ ವಿನ್ಯಾಸ ಮಾಡುವುದು ಅವನ ಕೆಲಸ. ಕಂಪನಿಯ ಗೋಡೆಯ ಮೇಲೆ ಅದರ ಮೌಲ್ಯಗಳನ್ನು ಇಂಗ್ಲಿಷಿನಲ್ಲಿ ಬರೆಸಿದ್ದಾರಂತೆ. ಈ ಸಲ ಕನ್ನಡದಲ್ಲಿಯೂ ಬರೆಸುವುದೆಂದು ತೀರ್ಮಾನವಾಗಿದೆಯಂತೆ.

"ಪ್ರಾಮಾಣಿಕತೆ, ಗೌರವ, ಇವಕ್ಕೆಲ್ಲ ತೊಂದರೆಯಿಲ್ಲ ಸಾರ್. 'ಇನ್‌ಕ್ಲೂಷನ್' ಅನ್ನೋದಕ್ಕೆ ಮಾತ್ರ ನೀವು ಒಂದು ಒಳ್ಳೆ ಮಾತು ಹೇಳಬೇಕು" ಎಂದ.

"ಒಳಗೊಳ್ಳುವಿಕೆ ಅಂತ ಬರೆದುಕೋ" ಎಂದೆ. ಪತ್ರಿಕೆಗಳಲ್ಲಿ ಬರುವ ಮಾತು ಅದೇ. ಅವನು ಬರೆದುಕೊಂಡು ಕಾಫಿಯ ಲೋಟವನ್ನು ಕೈಗೆತ್ತಿಕೊಂಡ. ಆದರೆ ಆ ಮಾತು ನನ್ನನ್ನೇ ಕಾಡತೊಡಗಿತು. ವ್ಯಾಕರಣ ಕಲಿಸುವವನ ದುರಭ್ಯಾಸವೆಂದರೆ, ಯಾವ ಕ್ರಿಯಾಪದ ಕಂಡರೂ ಅದರ ಕರ್ತೃ ಯಾರೆಂದು ಹುಡುಕುವುದು. ಒಳಗೊಳ್ಳುವವನು ಯಾರು? ಆಗಲೇ ಒಳಗಿರುವವನು. ಹೊರಗೆ ನಿಂತವನು ಈ ವಾಕ್ಯದಲ್ಲಿ ಬರಿಯ ಕರ್ಮ. ಇನ್ನು 'ಮೌಲ್ಯ'ವೆಂಬ ಶಬ್ದವನ್ನೇ ತೆಗೆದುಕೊಳ್ಳಿ; ನಾವು ಅದಕ್ಕೆ ಎಷ್ಟು ಉದಾತ್ತವಾದ ಉಡುಪು ತೊಡಿಸಿದರೂ ಒಳಗಿರುವ ಅರ್ಥ ಬೆಲೆ ಎಂದೇ. ಅಂದ ಮೇಲೆ ಗೋಡೆಯ ಮೇಲಿನ ಈ ಎರಡು ಮಾತುಗಳ ಹಿಂದೆ ಎರಡು ಪ್ರಶ್ನೆಗಳಿವೆ. ಬಾಗಿಲು ಯಾರ ಕೈಯಲ್ಲಿದೆ? ಬೆಲೆ ತೆರುವವರು ಯಾರು?

ಇದನ್ನು ಹೇಳಿದಾಗ ನನ್ನ ಶಿಷ್ಯ ನಗಬಹುದೆಂದುಕೊಂಡಿದ್ದೆ. ಅವನು ನಗಲಿಲ್ಲ. ತನ್ನ ಕಸುಬಿನ ಚರಿತ್ರೆಯಿಂದಲೇ ಒಂದು ಸಂಗತಿಯನ್ನು ತೆಗೆದು ಹೇಳಿದ. ಅವನು ಹೋದ ಮೇಲೆ ನಾನೂ ಅದನ್ನು ಕುರಿತು ಓದಿ ನೋಡಿದೆ.

1953ರಲ್ಲಿ ಅಮೆರಿಕದ ಐಬಿಎಂ ಕಂಪನಿಯ ಅಧ್ಯಕ್ಷರಾಗಿದ್ದವರು ಥಾಮಸ್ ವಾಟ್ಸನ್ ಜೂನಿಯರ್. ಆಗ ಕಂಪನಿಯು ಕೆಂಟಕಿ ಮತ್ತು ಉತ್ತರ ಕೆರೊಲಿನಾ ಸಂಸ್ಥಾನಗಳಲ್ಲಿ ಹೊಸ ಕಾರ್ಖಾನೆ ತೆರೆಯುವ ಮಾತುಕತೆಯಲ್ಲಿ ತೊಡಗಿತ್ತು. ಆ ಕಡೆ ಕಪ್ಪು ಜನರಿಗೆ ಬೇರೆ ಶಾಲೆ. ಅವರನ್ನು ಬೇರೆಯಾಗಿಯೇ ಇಡುವುದು ವಾಡಿಕೆ. ಆ ವರ್ಷ ಸೆಪ್ಟೆಂಬರಿನಲ್ಲಿ ವಾಟ್ಸನ್ ತಮ್ಮ ಮೇಲ್ವಿಚಾರಕರಿಗೆಲ್ಲ ಒಂದು ಪತ್ರ ಬರೆದರು. ಜನಾಂಗ, ಬಣ್ಣ, ಮತ ಇವು ಮೂರನ್ನೂ ಎಣಿಸದೆ, ಯೋಗ್ಯತೆಯುಳ್ಳವರನ್ನು ಕೆಲಸಕ್ಕೆ ತೆಗೆದುಕೊಳ್ಳುವುದು ಕಂಪನಿಯ ನೀತಿ ಎಂಬುದು ಅದರ ಸಾರ. ಶಾಲೆಗಳಲ್ಲಿ ಬೇರ್ಪಡಿಕೆ ಸಲ್ಲದೆಂದು ಆ ದೇಶದ ಸುಪ್ರೀಂ ಕೋರ್ಟು ಹೇಳಿದ್ದು 1954ರಲ್ಲಿ. ನಾಗರಿಕ ಹಕ್ಕುಗಳ ಕಾನೂನು ಬಂದದ್ದು 1964ರಲ್ಲಿ. ಅಂದರೆ ಕಾನೂನು ಕೇಳುವ ಮೊದಲೇ ಒಂದು ವ್ಯಾಪಾರಿ ಸಂಸ್ಥೆ ಈ ಮಾತನ್ನು ಬರೆದು ಕೊಟ್ಟಿತು. ಅದರಿಂದ ಬರಬಹುದಾದ ತೊಡಕನ್ನು ತಾನೇ ಹೊರಲು ಸಿದ್ಧವಾಯಿತು. ಇದು ಸಣ್ಣ ಕೆಲಸವಲ್ಲ.

ಮುಂದಿನ ಸಂಗತಿ 1968ರದು. ಕಂಪನಿ ಅದೇ, ಅದರ ಮುಖ್ಯಸ್ಥರೂ ಅದೇ ವಾಟ್ಸನ್. ಲಿನ್ ಕಾನ್ವೇ ಎಂಬ ಎಂಜಿನಿಯರ್ ಅಲ್ಲಿ ಅತಿವೇಗದ ಗಣಕವೊಂದರ ಯೋಜನೆಯಲ್ಲಿ ದುಡಿಯುತ್ತಿದ್ದರು. ಬರೆದಿಟ್ಟ ಸರದಿಗೆ ಕಾಯದೆ, ಸಿದ್ಧವಾದ ಆದೇಶವನ್ನು ಯಂತ್ರವು ಮೊದಲು ನೆರವೇರಿಸುವ ಉಪಾಯವೊಂದನ್ನು ಅವರು ಕಂಡುಹಿಡಿದಿದ್ದರು. ಹುಟ್ಟಿದಾಗ ಲೋಕ ಅವರನ್ನು ಗಂಡೆಂದು ಕರೆದಿತ್ತು. ತಾನು ಹೆಣ್ಣೆಂದು ಅವರ ಒಳಗು ಬಲ್ಲುದಾಗಿತ್ತು. ಚಿಕಿತ್ಸೆ ಪಡೆದು ಹೆಣ್ಣಾಗಿ ಬಾಳುವ ತಮ್ಮ ನಿರ್ಧಾರವನ್ನು ಅವರು ಕಂಪನಿಗೆ ಮರೆಮಾಚದೆ ತಿಳಿಸಿದರು. ಕಂಪನಿ ಅವರನ್ನು ಕೆಲಸದಿಂದ ತೆಗೆಯಿತು. ಸಂಸಾರ ಮುರಿಯಿತು, ಇಬ್ಬರು ಮಕ್ಕಳಿಂದ ದೂರವಾಗಬೇಕಾಯಿತು. ಹೊಸ ಹೆಸರಿನಲ್ಲಿ, ಹಿಂದಿನದನ್ನೆಲ್ಲ ಬಚ್ಚಿಟ್ಟುಕೊಂಡು, ಗುತ್ತಿಗೆಯ ಪ್ರೋಗ್ರಾಮರ್ ಆಗಿ ಅವರು ಕೆಳಗಿನ ಮೆಟ್ಟಲಿನಿಂದ ಮತ್ತೆ ಹತ್ತಿದರು. 1970ರ ದಶಕದಲ್ಲಿ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರ ಸೇರಿ, ಕಾರ್ವರ್ ಮೀಡ್ ಎಂಬ ಪ್ರಾಧ್ಯಾಪಕರೊಡನೆ ಚಿಪ್ ವಿನ್ಯಾಸದ ಪಠ್ಯಪುಸ್ತಕವೊಂದನ್ನು ಬರೆದರು. ಆ ವಿದ್ಯೆಯನ್ನು ಕೆಲವೇ ಕಾರ್ಖಾನೆಗಳ ಗುಟ್ಟಾಗಿ ಉಳಿಯಗೊಡದೆ ಕಾಲೇಜಿನ ಹುಡುಗರ ಕೈಗೆ ತಂದುಕೊಟ್ಟ ಪುಸ್ತಕ ಅದು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯು 1985ರಲ್ಲಿ ಬೆಂಗಳೂರಿನಲ್ಲಿ ಕೇಂದ್ರ ತೆರೆದಂದಿನಿಂದ ಈ ಊರಿನಲ್ಲಿಯೂ ಆ ವಿದ್ಯೆ ಸಾವಿರಾರು ಮನೆಗಳ ಒಲೆ ಹೊತ್ತಿಸಿದೆ.

"ನಾನು ಉಣ್ಣೋ ಅನ್ನದಲ್ಲಿ ಅವರ ಪಾಲೂ ಇದೆ ಸಾರ್" ಎಂದ ಹುಡುಗ.

ಐಬಿಎಂ ಅವರ ಕ್ಷಮೆ ಕೇಳಿದ್ದು 2020ರಲ್ಲಿ, ಐವತ್ತೆರಡು ವರ್ಷಗಳ ಅನಂತರ. ಆಗ ಅವರಿಗೆ ಎಂಬತ್ತೆರಡು ವಯಸ್ಸು. 2024ರಲ್ಲಿ ಅವರು ತೀರಿಕೊಂಡರು.

1953ರ ಪತ್ರ ಬರೆದ ಸಂಸ್ಥೆ 1968ರ ಕೆಲಸವನ್ನು ಹೇಗೆ ಮಾಡೀತು? ಪತ್ರವೇ ಬೂಟಾಟಿಕೆಯೆಂದು ತಳ್ಳಿಹಾಕುವುದು ಸುಲಭ. ನನಗೆ ಹಾಗೆ ತೋರುವುದಿಲ್ಲ. ಪತ್ರ ಪ್ರಾಮಾಣಿಕವಾಗಿಯೇ ಇದ್ದಿರಬೇಕು. ಆದರೆ ಅದರಲ್ಲಿದ್ದದ್ದು ಮೂರು ಮಾತು: ಜನಾಂಗ, ಬಣ್ಣ, ಮತ. ನಾಲ್ಕನೆಯ ಮಾತಿನವರು ಬಂದು ನಿಂತಾಗ ಪತ್ರ ಮೌನ ತಾಳಿತು. ಬಾಗಿಲು ಪಟ್ಟಿಯಷ್ಟೇ ಅಗಲವಾಗಿತ್ತು.

ಹಾಗೆಂದು ಪಟ್ಟಿ ಬೇಡವೇ? ಒಳ್ಳೆಯ ಮನಸ್ಸಿದ್ದರೆ ಸಾಕು, ಕಾನೂನೇಕೆ ಎನ್ನುವವರು ಸಾಮಾನ್ಯವಾಗಿ ಕಾನೂನಿನ ಅಗತ್ಯ ತಮಗೆ ಎಂದೂ ಬೀಳದವರು. ನಮ್ಮ ಸಂವಿಧಾನದ 15ನೆಯ ವಿಧಿ ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ ಎಂದು ಎಣಿಸಿ ಹೇಳದಿದ್ದರೆ ಎಷ್ಟು ಜನ ಇನ್ನೂ ಹೊರಗೇ ನಿಂತಿರುತ್ತಿದ್ದರೋ! ಕೆಲಸದ ಸ್ಥಳದಲ್ಲಿ ಹೆಂಗಸರ ರಕ್ಷಣೆಗೆ 2013ರಲ್ಲಿ, ಅಂಗವಿಕಲರ ಹಕ್ಕುಗಳಿಗಾಗಿ 2016ರಲ್ಲಿ ಕಾನೂನುಗಳು ಬಂದವು, ಅವು ಬೇಕಾಗಿದ್ದವು. ಆದರೆ ಪಟ್ಟಿ ಯಾವಾಗಲೂ ನೋವಿನ ಹಿಂದೆ ಬರುತ್ತದೆ. 1950ರ ಆ ವಿಧಿಯ 'ಲಿಂಗ'ವೆಂಬ ಮಾತಿನೊಳಗೆ ಲಿನ್ ಕಾನ್ವೇಯಂಥವರೂ ಸೇರುತ್ತಾರೆಂದು ನಮ್ಮ ಸುಪ್ರೀಂ ಕೋರ್ಟು ಹೇಳಿದ್ದು 2014ರಲ್ಲಿ. ನಡುವೆ ಕಳೆದ ಅರವತ್ತನಾಲ್ಕು ವರ್ಷಗಳಲ್ಲಿ ಬಾಳಿ ಹೋದವರ ಗತಿಯೇನು? ನೋವಿಗೂ ಪಟ್ಟಿಗೂ ನಡುವಣ ಆ ಕಾಲದಲ್ಲಿ ಮನುಷ್ಯನನ್ನು ಕಾಯಬೇಕಾದದ್ದು ಇನ್ನೊಬ್ಬ ಮನುಷ್ಯನೇ.

"ಅಂಥವರನ್ನು ಕಳೆದುಕೊಂಡು ಕಂಪನಿಗೆ ಎಷ್ಟು ನಷ್ಟವಾಯಿತು ನೋಡಿ ಸಾರ್" ಎಂದಿದ್ದ ನನ್ನ ಶಿಷ್ಯ. ಈಗ ಎಲ್ಲ ಕಡೆಯೂ ಕೇಳಿಬರುವ ವಾದ ಇದು: ಎಲ್ಲರನ್ನೂ ಸೇರಿಸಿಕೊಂಡರೆ ಲಾಭ ಹೆಚ್ಚುತ್ತದೆ. ಹೆಚ್ಚಲಿ, ಸಂತೋಷ. ಆದರೆ ಈ ವಾದವನ್ನು ನಾನು ಒಪ್ಪಲಾರೆ. ಕಾನ್ವೇ ಪ್ರತಿಭಾವಂತೆಯಾಗಿದ್ದರು, ಆದ್ದರಿಂದ ಅವರ ಕಥೆ ನಮಗೆ ತಿಳಿಯಿತು. ಅವರು ಎಲ್ಲರಂತೆ ಸಾಧಾರಣ ಎಂಜಿನಿಯರಾಗಿ, ಕೆಲಸ ಕಳೆದುಕೊಂಡ ಮೇಲೆ ಏನನ್ನೂ ಸಾಧಿಸದೆ ಹೋಗಿದ್ದರೆ ಆದ ಅನ್ಯಾಯ ಕಡಿಮೆಯಾಗುತ್ತಿತ್ತೇ? ಲಾಭಕ್ಕಾಗಿ ತೆರೆದ ಬಾಗಿಲು ನಷ್ಟ ಕಂಡ ದಿನ ಮುಚ್ಚುತ್ತದೆ. ಬೆಲೆ ತೆರಬೇಕಾಗಿ ಬಂದಾಗಲೂ ನಿಲ್ಲುವುದೇ ಮೌಲ್ಯ. 1953ರಲ್ಲಿ ಆ ಬೆಲೆಯನ್ನು ತೆರಲು ಕಂಪನಿ ಸಿದ್ಧವಾಗಿತ್ತು. 1968ರಲ್ಲಿ ಒಬ್ಬ ವ್ಯಕ್ತಿಯಿಂದ ತೆರಿಸಿತು.

ದೂರದ ಕಂಪನಿಯನ್ನು ಹೀಗೆ ವಿಚಾರಣೆಗೆ ನಿಲ್ಲಿಸುತ್ತಿದ್ದಾಗ ನನ್ನದೇ ತರಗತಿಯ ನೆನಪು ಬಂದು ಬಾಯಿ ಕಟ್ಟಿತು. ಹತ್ತು ಹನ್ನೆರಡು ವರ್ಷಗಳ ಹಿಂದಿನ ಮಾತು. ಪಾಠ ಓದಲು ನಿಂತ ಹುಡುಗನೊಬ್ಬ 'ಹಾಲು' ಎಂಬುದನ್ನು 'ಆಲು' ಎಂದು ಓದಿದ. ಹುಡುಗರು ನಕ್ಕರು. ನಾನು ಮೂರು ಸಲ ತಿದ್ದಿದೆ. ಮೂರನೆಯ ಸಲ ನಾನೂ ನಕ್ಕೆ. ಅಂದಿನಿಂದ ಅವನು ನನ್ನ ತರಗತಿಯಲ್ಲಿ ಬಾಯಿ ತೆರೆಯಲಿಲ್ಲ. ಜಾತಿಯನ್ನೋ ಮತವನ್ನೋ ಆಡಿಕೊಂಡವನಲ್ಲ ನಾನು; ಆ ಹೆಮ್ಮೆ ನನಗಿತ್ತು. ಆದರೆ ನನ್ನ ಪಟ್ಟಿಯಲ್ಲಿ ಉಚ್ಚಾರಣೆ ಇರಲಿಲ್ಲ. ಹಳಗನ್ನಡದ 'ಪಾಲ್' ಹೊಸಗನ್ನಡದಲ್ಲಿ 'ಹಾಲು' ಆದದ್ದನ್ನು ಭಾಷೆಯ ಬೆಳವಣಿಗೆ ಎಂದು ಅದೇ ವರ್ಷ ಪಾಠ ಹೇಳಿದವನು ನಾನೇ. 'ಹಾಲು' 'ಆಲು' ಆದಾಗ ಮಾತ್ರ ಅದು ತಪ್ಪಾಗಿ ಕಂಡಿತು. ನನ್ನ ನಗೆಯ ಬೆಲೆಯನ್ನು ಆ ಹುಡುಗ ತನ್ನ ಮೌನದಿಂದ ತೆತ್ತ.

ಇದನ್ನು ಕೇಳಿ ನನ್ನ ಶಿಷ್ಯ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಮೀಟಿಂಗುಗಳಲ್ಲಿ ನಾನೂ ಮಾತಾಡೋದಿಲ್ಲ ಸಾರ್, ನನ್ನ ಇಂಗ್ಲಿಷು ಅಷ್ಟಕ್ಕಷ್ಟೆ" ಎಂದು ಹೇಳಿ ಎದ್ದ.

ಹದಿನೈದು ದಿನಗಳ ಮೇಲೆ ಫೋನು ಮಾಡಿದ. ಗೋಡೆಯ ಬರಹ ಮುಗಿದಿತ್ತು. ಮೊದಲು ನಿಂತು ಓದಿದವರು ನೆಲ ಒರೆಸುವ ಹೆಂಗಸಂತೆ. ಆಕೆ ಗುತ್ತಿಗೆದಾರನ ಕಡೆಯವರು. ಕೊರಳಿನ ಗುರುತಿನ ಚೀಟಿಯ ಬಣ್ಣ ಬೇರೆ. ಮೇಲಿನ ಕ್ಯಾಂಟೀನಿನಲ್ಲಿ ಕೂತು ಉಣ್ಣುವಂತಿಲ್ಲ. ಬುತ್ತಿ ಬಿಚ್ಚುವುದು ಮೆಟ್ಟಲ ಕೆಳಗೆ. ಬರಹವನ್ನು ಅಕ್ಷರ ಕೂಡಿಸಿ ಓದಿ, "ಒಳಗೊಳ್ಳುವಿಕೆ ಅಂದ್ರೆ ಏನಪ್ಪಾ?" ಎಂದು ಕೇಳಿದರಂತೆ.

"ಎಲ್ಲರೂ ನಮ್ಮೋರೇ ಅಂತ ಅರ್ಥ ಅಂದೆ ಸಾರ್. ಅಕ್ಕ ನಕ್ಕುಬಿಟ್ಟರು."

"ಆಮೇಲೆ?"

"ಮುಂದಿನ ಮೀಟಿಂಗಿನಲ್ಲಿ ಕ್ಯಾಂಟೀನಿನ ವಿಷಯ ಕೇಳ್ತೀನಿ ಸಾರ್. ಬಂದಷ್ಟು ಇಂಗ್ಲಿಷಿನಲ್ಲೇ ಕೇಳ್ತೀನಿ."

ಆ ಮಾತಿಗೆ ನಾನು ಕೊಟ್ಟದ್ದು ಪದ ಮಾತ್ರ. ಅದರ ಅರ್ಥ ಆ ಮೀಟಿಂಗಿನಲ್ಲಿ ತೀರ್ಮಾನವಾಗಬೇಕು. ನನ್ನ ಪಾಲಿನದು ತರಗತಿಯಲ್ಲಿದೆ. ನಾಳೆ ಹತ್ತು ಗಂಟೆಗೆ ಯಾರಾದರೂ 'ಆಲು' ಎಂದಾಗ ತೀರ್ಮಾನವಾಗುತ್ತದೆ.